ಅರ್ಧ ಜನಕ್ಕೆ ತಲೆನೋವು, ಅರ್ಧ ಜನಕ್ಕೆ ಹಬ್ಬ

2008ರ ಮೇ 9, ಶುಕ್ರವಾರ. ಅಮೆರಿಕದ ಥಿಯೇಟರ್‌ಗಳಲ್ಲಿ ಒಂದು ಸಿನಿಮಾ ಬಿಡುಗಡೆಯಾಗುತ್ತೆ. ಹೆಸರು 'ಸ್ಪೀಡ್ ರೇಸರ್'. ಮಾಡಿದವರು ಸಾಮಾನ್ಯರಲ್ಲ. 1999ರಲ್ಲಿ 'ದಿ ಮ್ಯಾಟ್ರಿಕ್ಸ್' ಅನ್ನೋ ಸಿನಿಮಾ ಮಾಡಿ, ಗುಂಡು ಗಾಳಿಯಲ್ಲಿ ನಿಧಾನವಾಗಿ ತೇಲೋದನ್ನ ಇಡೀ ಜಗತ್ತಿಗೆ ತೋರಿಸಿದ ವಾಚೋವ್ಸ್ಕಿಗಳು. ಆ ಸಿನಿಮಾಗೆ ನಾಲ್ಕು ಆಸ್ಕರ್ ಬಂದಿತ್ತು. ಅಂಥವರು ಮಕ್ಕಳ ಕಾರ್ಟೂನ್ ಒಂದನ್ನ ಎತ್ತಿಕೊಂಡು, 12 ಕೋಟಿ ಡಾಲರ್, ಅಂದರೆ ಆಗಿನ ಲೆಕ್ಕದಲ್ಲಿ ಹತ್ತಿರ ಹತ್ತಿರ 500 ಕೋಟಿ ರೂಪಾಯಿ ಸುರಿದು ಸಿನಿಮಾ ಮಾಡಿದ್ದಾರೆ ಅಂದರೆ ನಿರೀಕ್ಷೆ ಎಷ್ಟಿರಬೇಡ?

ಆದರೆ ಆಗಿದ್ದೇನು? ಮೊದಲ ಮೂರು ದಿನಕ್ಕೆ ಅಮೆರಿಕದಲ್ಲಿ ಬಂದ ಹಣ ಎರಡು ಕೋಟಿ ಡಾಲರ್ ಕೂಡ ದಾಟಲಿಲ್ಲ. ಒಂದು ವಾರ ಮೊದಲೇ ಬಂದಿದ್ದ 'ಐರನ್ ಮ್ಯಾನ್' ತನ್ನ ಎರಡನೇ ವಾರಾಂತ್ಯದಲ್ಲಿ ಐದು ಕೋಟಿ ಡಾಲರ್ ಬಾಚಿಕೊಂಡು ಮುಂದೆ ಹೋಯ್ತು. ಕೊನೆಗೆ ಇಡೀ ಜಗತ್ತಿನಲ್ಲಿ 'ಸ್ಪೀಡ್ ರೇಸರ್' ಗಳಿಸಿದ್ದು ಸುಮಾರು 9.4 ಕೋಟಿ ಡಾಲರ್. ಅದರಲ್ಲಿ ಹೆಚ್ಚುಕಮ್ಮಿ ಅರ್ಧ ಥಿಯೇಟರ್‌ನವರ ಪಾಲು. ಹಾಗಾಗಿ ಹಾಕಿದ ದುಡ್ಡಿನ ಅರ್ಧವೂ ಥಿಯೇಟರ್‌ನಿಂದ ವಾಪಸ್ ಬಂದಿರಲಿಕ್ಕಿಲ್ಲ. ಗಾಂಧಿನಗರದ ಭಾಷೆಯಲ್ಲಿ ಹೇಳೋದಾದರೆ, ಮಕಾಡೆ ಮಲಗಿತು.

ಕಥೆ ಇಲ್ಲಿಗೇ ಮುಗೀಬೇಕಿತ್ತು. ಮುಗಿಯಲಿಲ್ಲ. ಅದೇ ವರ್ಷದ ಕೊನೆಯಲ್ಲಿ 'ಟೈಮ್' ಪತ್ರಿಕೆಯ ಹಿರಿಯ ವಿಮರ್ಶಕ ರಿಚರ್ಡ್ ಕಾರ್ಲಿಸ್ ವರ್ಷದ ಹತ್ತು ಅತ್ಯುತ್ತಮ ಸಿನಿಮಾಗಳ ಪಟ್ಟಿ ಮಾಡಿದರು. ಅದರಲ್ಲಿ 'ಸ್ಪೀಡ್ ರೇಸರ್' ಇತ್ತು! ಬಹುಪಾಲು ವಿಮರ್ಶಕರು ತಲೆನೋವು ಅಂತ ಬರೆದ ಸಿನಿಮಾ ಇನ್ನೊಬ್ಬ ವಿಮರ್ಶಕರಿಗೆ ವರ್ಷದ ಶ್ರೇಷ್ಠ ಹತ್ತರಲ್ಲಿ ಒಂದು. ಇಂದಿಗೂ ಈ ಸಿನಿಮಾದ ಮಾತು ಬಂದರೆ ಜನ ಎರಡು ಪಾಳಯ. ಒಬ್ಬರು, 'ಕಣ್ಣಿಗೆ ಖಾರದಪುಡಿ ಎರಚಿದ ಹಾಗಿತ್ತು' ಅಂತಾರೆ. ಇನ್ನೊಬ್ಬರು, 'ಇಂಥ ಸಿನಿಮಾ ಮತ್ತೆ ಬರಲ್ಲ' ಅಂತಾರೆ.

ನನ್ನ ಪ್ರಶ್ನೆ ಇಷ್ಟೇ. ಇಬ್ಬರೂ ನೋಡಿದ್ದು ಒಂದೇ ಸಿನಿಮಾ, ಒಂದೇ ದೃಶ್ಯ, ಒಂದೇ ಬಣ್ಣ. ಮತ್ತೆ ಇಷ್ಟು ವ್ಯತ್ಯಾಸ ಯಾಕೆ? ಒಬ್ಬರಿಗೆ ಸಿನಿಮಾ ಗೊತ್ತು, ಇನ್ನೊಬ್ಬರಿಗೆ ಗೊತ್ತಿಲ್ಲ ಅಂತಾನಾ? ಖಂಡಿತ ಅಲ್ಲ. ವಿಷಯ ಬೇರೆಯೇ ಇದೆ. ಅದು ಅರ್ಥವಾಗಬೇಕು ಅಂದರೆ ನಾವು 1967ರ ಜಪಾನ್‌ಗೆ ಹೋಗಬೇಕು.

ಟೋಕಿಯೋದಲ್ಲಿ ತತ್ಸುನೋಕೊ ಅನ್ನೋ ಒಂದು ಸ್ಟುಡಿಯೋ. ತತ್ಸುವೋ ಯೋಶಿದಾ ಮತ್ತು ಅವರ ತಮ್ಮಂದಿರು ಸೇರಿ ಕಟ್ಟಿದ್ದು. ಯೋಶಿದಾ ಅವರು ಚಿತ್ರಕಥೆಗಳನ್ನ, ಅಂದರೆ ಜಪಾನಿನಲ್ಲಿ ಮಾಂಗಾ ಅಂತಾರಲ್ಲ ಅದನ್ನ ಬರೆಯುತ್ತಿದ್ದರು. ಅವರು ಸೃಷ್ಟಿಸಿದ ಕಾರ್ ರೇಸ್ ಹುಡುಗನ ಕಥೆ 'ಮ್ಯಾಕ್ ಗೋಗೋಗೋ' ಅನ್ನೋ ಹೆಸರಿನಲ್ಲಿ 1967ರ ಏಪ್ರಿಲ್‌ನಿಂದ ಟಿವಿಯಲ್ಲಿ ಬರೋಕೆ ಶುರುವಾಯ್ತು. ಒಟ್ಟು 52 ಕಂತು. ಹುಡುಗನ ಹೆಸರು ಗೋ ಮಿಫುನೆ. ಜಪಾನಿ ಭಾಷೆಯಲ್ಲಿ 'ಗೋ' ಅಂದರೆ ಐದು. ಅವನ ಕಾರಿನ ನಂಬರ್ ಕೂಡ ಐದು. ಇಂಗ್ಲಿಷ್‌ನಲ್ಲಿ 'ಗೋ' ಅಂದರೆ ಹೋಗು. ಒಂದೇ ಪದದಲ್ಲಿ ಮೂರು ಆಟ.

ಅದೇ ವರ್ಷ ಈ ಕಾರ್ಟೂನ್ ಅಮೆರಿಕಕ್ಕೆ ಹೋಯ್ತು. ಪೀಟರ್ ಫರ್ನಾಂಡಿಸ್ ಅನ್ನೋ ನಟ ಇಂಗ್ಲಿಷ್ ಸಂಭಾಷಣೆ ಬರೆದು, ನಾಯಕನಿಗೆ ತಾವೇ ದನಿ ಕೊಟ್ಟರು. ಗೋ ಮಿಫುನೆ ಅಲ್ಲಿ ಸ್ಪೀಡ್ ರೇಸರ್ ಆದ. ಹೆಸರು ಬದಲಾಯ್ತು, ಆದರೆ ಚಿತ್ರ ಬದಲಾಗಲಿಲ್ಲ. ಹಾಗಾಗಿ ಅವನ ಹೆಲ್ಮೆಟ್ ಮೇಲೆ ಮಿಫುನೆಯ 'ಎಂ' ಹಾಗೇ ಉಳಿದುಕೊಂಡಿತು, ಅಂಗಿಯ ಮೇಲೆ ಗೋ ಅನ್ನೋದರ 'ಜಿ' ಹಾಗೇ ಉಳಿದುಕೊಂಡಿತು. ಅಮೆರಿಕದ ಮಕ್ಕಳು ಇದೇನಪ್ಪಾ ಅಂತ ತಲೆ ಕೆಡಿಸಿಕೊಂಡಿರಬೇಕು! ಜಪಾನಿ ತುಟಿಗಳ ಚಲನೆಗೆ ಇಂಗ್ಲಿಷ್ ಮಾತು ಹೊಂದಿಸಬೇಕಲ್ಲ, ಅದಕ್ಕೇ ಅಲ್ಲಿ ಎಲ್ಲರೂ ಉಸಿರು ಬಿಡದೆ ಗಡಗಡ ಮಾತಾಡ್ತಾರೆ. ಅದೇ ಆ ಕಾರ್ಟೂನಿನ ಗುರುತಾಗಿ ಹೋಯ್ತು.

ಇಲ್ಲಿ ಒಂದು ತಾಂತ್ರಿಕ ವಿಷಯ ಇದೆ. ಸ್ವಲ್ಪ ಗಮನ ಕೊಡಿ, ಮುಂದಿನ ಜಗಳವೆಲ್ಲ ಇದರ ಮೇಲೇ ನಿಂತಿದೆ. ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಚಿತ್ರ ಓಡುತ್ತೆ. ಡಿಸ್ನಿಯವರ ದೊಡ್ಡ ಕಾರ್ಟೂನ್ ಸಿನಿಮಾಗಳಲ್ಲಿ ಒಂದು ಸೆಕೆಂಡಿಗೆ 12ರಿಂದ 24 ಬೇರೆ ಬೇರೆ ಚಿತ್ರ ಬರೆಯುತ್ತಿದ್ದರು. ವಾರಕ್ಕೊಂದು ಕಂತು ಕೊಡಬೇಕಾದ ಜಪಾನಿನ ಟಿವಿ ಸ್ಟುಡಿಯೋಗೆ ಅಷ್ಟು ದುಡ್ಡು ಎಲ್ಲಿಂದ ಬರಬೇಕು? ಸಮಯ ಎಲ್ಲಿಂದ ಬರಬೇಕು? ಅವರು ಎಂಟು ಚಿತ್ರ, ಕೆಲವೊಮ್ಮೆ ಅದಕ್ಕೂ ಕಡಿಮೆ ಚಿತ್ರದಲ್ಲಿ ಕೆಲಸ ಮುಗಿಸಬೇಕು. ಹಾಗಾದರೆ ವೇಗ ತೋರಿಸೋದು ಹೇಗೆ? ಅದಕ್ಕೆ ಉಪಾಯ ಹುಡುಕಿದರು. ಕಾರು ನಿಂತಲ್ಲೇ ನಿಂತಿರುತ್ತೆ, ಹಿಂದಿನ ಪರದೆಯನ್ನ ಎಳೀತಾರೆ. ನಾಯಕನ ಮುಖ ಅಲ್ಲಾಡಲ್ಲ, ಅವನ ಹಿಂದೆ ಬಣ್ಣದ ಗೆರೆಗಳು ಸುಂಯ್ ಅಂತ ಓಡ್ತವೆ. ಕಣ್ಣುಗಳ ಕ್ಲೋಸಪ್, ಚಕ್ರದ ಕ್ಲೋಸಪ್, ಮತ್ತೆ ಕಣ್ಣುಗಳು. ದುಡ್ಡಿಲ್ಲ ಅಂತ ಮಾಡಿದ ಉಪಾಯವೇ ಒಂದು ಭಾಷೆಯಾಯ್ತು.

ಯಕ್ಷಗಾನ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತೆ. ವೇಷಧಾರಿ ರಂಗಸ್ಥಳದಲ್ಲಿ ಒಂದು ಸುತ್ತು ಹಾಕಿದ ಅಂದರೆ ಹಸ್ತಿನಾವತಿಯಿಂದ ಕಾಡಿಗೆ ಬಂದ ಅಂತ ಅರ್ಥ. 'ಏನ್ರೀ ಇದು, ಎಂಟು ಹೆಜ್ಜೆ ಹಾಕಿದ್ರೆ ಕಾಡು ಬರುತ್ತಾ?' ಅಂತ ಯಾರೂ ಕೇಳಲ್ಲ. ಆಟ ನೋಡೋಕೆ ಬಂದವನು ಆ ಒಪ್ಪಂದಕ್ಕೆ ಒಪ್ಪಿಕೊಂಡೇ ಬಂದಿರ್ತಾನೆ. ಕಾರ್ಟೂನ್ ಕೂಡ ಹಾಗೇ ಒಂದು ಒಪ್ಪಂದ.

ಈಗ ಸಿನಿಮಾಗೆ ಬರೋಣ. ಈ ಕಾರ್ಟೂನನ್ನ ಸಿನಿಮಾ ಮಾಡಬೇಕು ಅನ್ನೋ ಯೋಚನೆ ಹಾಲಿವುಡ್‌ನಲ್ಲಿ 90ರ ದಶಕದ ಆರಂಭದಿಂದಲೇ ಇತ್ತು. ಒಂದು ಹಂತದಲ್ಲಿ ಜಾನಿ ಡೆಪ್ ನಾಯಕ ಅಂತಲೂ ಆಗಿತ್ತು. ಕೈಯಿಂದ ಕೈಗೆ ಹೋಗಿ, ಕೊನೆಗೆ ಬಂದಿದ್ದು ವಾಚೋವ್ಸ್ಕಿಗಳ ಬಳಿಗೆ. ಆಗ ಅವರನ್ನ ವಾಚೋವ್ಸ್ಕಿ ಸಹೋದರರು ಅಂತ ಕರೆಯುತ್ತಿದ್ದರು. ಇಬ್ಬರೂ ಟ್ರಾನ್ಸ್ ಮಹಿಳೆಯರು, ಇಂದು ಲಾನಾ ಮತ್ತು ಲಿಲಿ ವಾಚೋವ್ಸ್ಕಿ. ಹಿಂದಿನ ಸಿನಿಮಾಗಳು ದೊಡ್ಡವರಿಗೆ ಮಾಡಿದ್ದವು. ಈ ಸಲ ಮನೆಮಂದಿಯೆಲ್ಲ ಕೂತು ನೋಡೋ ಸಿನಿಮಾ ಮಾಡೋಣ ಅಂತ ಹೊರಟಿದ್ದರು.

ಕಾರ್ಟೂನನ್ನ ನಿಜವಾದ ನಟರನ್ನ ಇಟ್ಟುಕೊಂಡು ಸಿನಿಮಾ ಮಾಡೋಕೆ ಎರಡು ದಾರಿ. ಒಂದು, ಕಾರ್ಟೂನನ್ನ ನಮ್ಮ ಲೋಕಕ್ಕೆ ಕರೆತರೋದು. 2007ರ 'ಟ್ರಾನ್ಸ್‌ಫಾರ್ಮರ್ಸ್' ಮಾಡಿದ್ದು ಅದನ್ನೇ. ಆಟಿಕೆ ರೋಬೋಟ್‌ಗೆ ನಿಜವಾದ ಕಬ್ಬಿಣ, ನಿಜವಾದ ಗೀಚು, ನಿಜವಾದ ಧೂಳು ಮೆತ್ತಿದರು. ಎರಡನೇ ದಾರಿ, ಮನುಷ್ಯರನ್ನ ಕಾರ್ಟೂನಿನ ಒಳಗೆ ಕರೆದುಕೊಂಡು ಹೋಗೋದು. 1990ರಲ್ಲಿ ವಾರೆನ್ ಬೀಟಿ 'ಡಿಕ್ ಟ್ರೇಸಿ' ಮಾಡಿದಾಗ ಪತ್ರಿಕೆಯ ಕಾಮಿಕ್ಸ್‌ನಲ್ಲಿ ಇರುತ್ತಲ್ಲ, ಹಾಗೆ ಬೆರಳೆಣಿಕೆಯ ಗಾಢ ಬಣ್ಣಗಳಲ್ಲೇ ಇಡೀ ಊರು ಕಟ್ಟಿದರು. ಮೊದಲ ದಾರಿ ಸುರಕ್ಷಿತ. ಎರಡನೇ ದಾರಿಯಲ್ಲಿ ಅಪಾಯ ಜಾಸ್ತಿ. ಯಾಕೆಂದರೆ ಒಪ್ಪಂದಕ್ಕೆ ಪ್ರೇಕ್ಷಕ ಸಹಿ ಹಾಕಬೇಕು. ವಾಚೋವ್ಸ್ಕಿಗಳು ಎರಡನೇ ದಾರಿ ಹಿಡಿದರು. ಹಿಡಿದಿದ್ದಷ್ಟೇ ಅಲ್ಲ, ಆ ದಾರಿಯಲ್ಲಿ ಬ್ರೇಕ್ ಹಾಕದೆ ಹೋದರು.

2007ರಲ್ಲಿ ಜರ್ಮನಿಯ ಬರ್ಲಿನ್ ಪಕ್ಕದ ಬಾಬೆಲ್ಸ್‌ಬರ್ಗ್ ಸ್ಟುಡಿಯೋದಲ್ಲಿ ಶೂಟಿಂಗ್. ಮೂಕಿ ಕಾಲದ ಮಹಾ ಸಿನಿಮಾ 'ಮೆಟ್ರೊಪೊಲಿಸ್' ತಯಾರಾದ ಜಾಗ ಅದು. ಅಲ್ಲಿ ಬಹುತೇಕ ಇಡೀ ಸಿನಿಮಾವನ್ನ ಹಸಿರು ಪರದೆಯ ಮುಂದೆ ಚಿತ್ರೀಕರಿಸಿದರು. ಹಸಿರು ಪರದೆ ಅಂದರೆ ಏನು? ನಮ್ಮ ನ್ಯೂಸ್ ಸ್ಟುಡಿಯೋದಲ್ಲೂ ಅದೇ ಇದೆ. ನಾನು ಹಸಿರು ಗೋಡೆಯ ಮುಂದೆ ನಿಂತು ಮಾತಾಡ್ತಾ ಇರ್ತೀನಿ, ನಿಮಗೆ ನನ್ನ ಬೆನ್ನ ಹಿಂದೆ ವಿಧಾನಸೌಧ ಕಾಣುತ್ತೆ. ಕಂಪ್ಯೂಟರ್ ಹಸಿರು ಇರೋ ಕಡೆಯೆಲ್ಲ ಬೇರೆ ಚಿತ್ರ ತುಂಬುತ್ತೆ. ಅದಕ್ಕೇ ಅಂಥ ಗೋಡೆಯ ಮುಂದೆ ನಿಲ್ಲೋ ನಿರೂಪಕರು ಹಸಿರು ಅಂಗಿ ಹಾಕಲ್ಲ. ಹಾಕಿದರೆ ಹೊಟ್ಟೆಯ ಜಾಗದಲ್ಲಿ ವಿಧಾನಸೌಧದ ಮೆಟ್ಟಿಲು ಕಾಣುತ್ತೆ!

ಅವರು ಇದೇ ತಂತ್ರವನ್ನ ಬೇರೆ ಮಟ್ಟಕ್ಕೆ ಒಯ್ದರು. ನಟರನ್ನ ಅಲುಗಾಡುವ ಒಂದು ಯಂತ್ರದ ಮೇಲೆ ಕೂರಿಸಿ, ಸ್ಟಿಯರಿಂಗ್ ಹಿಡಿಸಿದರು. ರಸ್ತೆ ಇಲ್ಲ, ಎದುರಾಳಿ ಕಾರಿಲ್ಲ, ಪ್ರೇಕ್ಷಕರ ಗ್ಯಾಲರಿ ಇಲ್ಲ. ಎಲ್ಲವೂ ಆಮೇಲೆ ಕಂಪ್ಯೂಟರ್‌ನಲ್ಲಿ ಹುಟ್ಟಿದ್ದು. ಹಿಂದಿನದು, ನಡುವಿನದು, ಮುಂದಿನದು ಅಂತ ಬೇರೆ ಬೇರೆ ಪದರಗಳನ್ನ ಮಾಡಿ ಒಂದರ ಮುಂದೆ ಒಂದು ಇಟ್ಟರು. ಮಕ್ಕಳು ರಟ್ಟಿನಲ್ಲಿ ಮನೆ, ಮರ, ಮನುಷ್ಯರನ್ನ ಕತ್ತರಿಸಿ ಸಾಲಾಗಿ ನಿಲ್ಲಿಸ್ತಾರಲ್ಲ, ಹಾಗೆ. 1967ರ ಕಾರ್ಟೂನಿನಲ್ಲಿ ಹಿಂದಿನ ಪರದೆ ಎಳೆಯುತ್ತಿದ್ದರು ಅಂದೆನಲ್ಲ? ಅದೇ ಉಪಾಯ, ಈಗ ಕೋಟಿಗಟ್ಟಲೆ ಡಾಲರ್ ಖರ್ಚಿನಲ್ಲಿ. ಅಲ್ಲಿ ದುಡ್ಡಿಲ್ಲದೆ ಮಾಡಿದ್ದನ್ನ ಇಲ್ಲಿ ದುಡ್ಡು ಸುರಿದು ಮಾಡಿದರು.

ಜಗಳದ ಬೇರು ಇರೋದು ಇಲ್ಲೇ. ಸಾಮಾನ್ಯವಾಗಿ ಸಿನಿಮಾದಲ್ಲಿ ನಿಮ್ಮ ಕಣ್ಣು ಎಲ್ಲಿ ನೋಡಬೇಕು ಅನ್ನೋದನ್ನ ಕ್ಯಾಮೆರಾ ಹೇಳಿಕೊಡುತ್ತೆ. ನಾಯಕಿ ಮುಖ ಸ್ಪಷ್ಟ, ಹಿಂದಿನ ಬೀದಿ ಮಂಜುಮಂಜು. ನಿಮ್ಮ ಕಣ್ಣು ತಾನಾಗಿ ಮುಖಕ್ಕೆ ಹೋಗುತ್ತೆ. ಆ ಮಂಜು ಅನ್ನೋದು ಕಣ್ಣಿಗೆ ಒಂದು ವಿಶ್ರಾಂತಿ ಕೂಡ. 'ಸ್ಪೀಡ್ ರೇಸರ್'ನಲ್ಲಿ ಬಹಳಷ್ಟು ಕಡೆ ಆ ಮಂಜನ್ನ ತೆಗೆದುಬಿಟ್ಟರು. ಹತ್ತಿರದ ಮುಖವೂ ಸ್ಪಷ್ಟ, ಮೈಲಿ ದೂರದ ಬೆಟ್ಟವೂ ಅಷ್ಟೇ ಸ್ಪಷ್ಟ. ಯಾಕೆಂದರೆ ಕಾರ್ಟೂನಿನಲ್ಲಿ ಹಾಗೇ ಇರುತ್ತೆ. ಕಾಗದದ ಮೇಲೆ ಬರೆದ ಬೆಟ್ಟ ಮಂಜಾಗಲ್ಲ.

ಈಗ ಕಣ್ಣಿನ ಕಡೆಯಿಂದ ಯೋಚನೆ ಮಾಡಿ. ನಮ್ಮ ಕಣ್ಣು ಒಂದು ಸಲಕ್ಕೆ ಚೆನ್ನಾಗಿ ನೋಡೋದು ತೀರಾ ಸಣ್ಣ ಜಾಗವನ್ನ ಮಾತ್ರ. ಉಳಿದಿದ್ದನ್ನ ನೋಡೋಕೆ ಕಣ್ಣುಗುಡ್ಡೆ ಅಲ್ಲಿಂದ ಇಲ್ಲಿಗೆ ಜಿಗಿಯುತ್ತಲೇ ಇರಬೇಕು. ಸೆಕೆಂಡಿಗೆ ಸುಮಾರು ಮೂರು ಸಲ ಜಿಗಿಯುತ್ತೆ. ತೆರೆಯ ಮೇಲೆ ಹತ್ತು ಕಾರು, ಹತ್ತೂ ಸ್ಪಷ್ಟ, ಹತ್ತೂ ಬೇರೆ ಬಣ್ಣ, ಹತ್ತೂ ಗಿರಗಿರ ತಿರುಗ್ತಾ ಇವೆ. ಕಣ್ಣು ಎಲ್ಲಿಗೆ ಹೋಗಬೇಕು? ಅದು ಆಯ್ಕೆ ಮಾಡೋಷ್ಟರಲ್ಲಿ ದೃಶ್ಯ ಮುಗಿದಿರುತ್ತೆ. ಅದರ ಮೇಲೆ ದೃಶ್ಯದಿಂದ ದೃಶ್ಯಕ್ಕೆ ಹೋಗೋ ಕ್ರಮ ಕೂಡ ಬೇರೆ. ಮಾತಾಡ್ತಿರೋ ಒಬ್ಬರ ತಲೆ ತೆರೆಯ ಈ ಕಡೆಯಿಂದ ಆ ಕಡೆಗೆ ಜಾರಿಕೊಂಡು ಹೋಗುತ್ತೆ, ಅದರ ಬೆನ್ನ ಹಿಂದೆಯೇ ಬೇರೆ ಜಾಗ, ಬೇರೆ ಕಾಲ ಬಂದು ನಿಂತಿರುತ್ತೆ.

ನಮ್ಮ ನ್ಯೂಸ್ ಚಾನೆಲ್‌ಗಳ ಪರದೆಯನ್ನೇ ನೋಡಿ. ಚರ್ಚೆಯ ಹೊತ್ತಲ್ಲಿ ಆರು ಕಿಟಕಿ, ಆರು ಮುಖ. ಕೆಳಗೆ ಓಡೋ ಸುದ್ದಿ ಸಾಲು. ಅದರ ಮೇಲೆ ಮಿನುಗೋ ಬ್ರೇಕಿಂಗ್ ನ್ಯೂಸ್. ಮೂಲೆಯಲ್ಲಿ ಜಾಹೀರಾತು. ಅಜ್ಜಿ ಬಂದು 'ಇದೇನೋ ಇದು, ಯಾವುದನ್ನ ನೋಡ್ಲಿ?' ಅಂತ ಕೇಳ್ತಾರೆ. ಮೊಮ್ಮಗ ಅದೇ ಪರದೆಯನ್ನ ನೋಡ್ತಾ ಜೊತೆಗೆ ಮೊಬೈಲನ್ನೂ ನೋಡ್ತಾನೆ. ಇಬ್ಬರ ಕಣ್ಣೂ ಸರಿಯಾಗೇ ಇವೆ. ರೂಢಿ ಬೇರೆ, ಅಷ್ಟೇ. ಆದರೂ ಅಜ್ಜಿಯ ಪ್ರಶ್ನೆ ದಡ್ಡ ಪ್ರಶ್ನೆ ಅಲ್ಲ.

'ಸ್ಪೀಡ್ ರೇಸರ್' ವಿರುದ್ಧ ಬಂದ ದೂರುಗಳನ್ನ ಈಗ ನೋಡೋಣ. ಮೊದಲ ದೂರು ಕಣ್ಣಿನದ್ದು, ಅದನ್ನ ಹೇಳಿಯಾಯ್ತು. ಎರಡನೇದು ತೂಕದ್ದು. ಕಾರು ಓಡ್ತಾ ಇದೆ ಅಂತ ಗೊತ್ತಾಗುತ್ತೆ, ಆದರೆ ಅದಕ್ಕೆ ಭಾರ ಇದೆ ಅಂತ ಅನಿಸಲ್ಲ. ಟಯರ್ ರಸ್ತೆಗೆ ಉಜ್ಜಿದ ವಾಸನೆ ಮೂಗಿಗೆ ಬರಲ್ಲ. ಕಾರು ಪಲ್ಟಿ ಹೊಡೆದರೆ ಅಯ್ಯೋ ಅಂತ ಎದೆ ಝಲ್ ಅನ್ನಲ್ಲ, ಯಾಕೆಂದರೆ ಚಾಲಕ ಗುಳ್ಳೆಯಂಥ ಒಂದು ರಕ್ಷಣೆಯೊಳಗೆ ಪುಟಿದು ಬದುಕ್ತಾನೆ. ರೇಸಿನ ಸಿನಿಮಾದಲ್ಲಿ ಅಪಾಯವೇ ಇಲ್ಲದಿದ್ದರೆ ಹೇಗೆ? ಮೂರನೇದು ಉದ್ದದ್ದು. 135 ನಿಮಿಷ! ಚಿಕ್ಕ ಮಕ್ಕಳನ್ನ ಎರಡೂ ಕಾಲು ಗಂಟೆ ಕೂರಿಸೋದು ಸುಲಭವಾ? ಅದೂ ನಡುನಡುವೆ ಕಂಪನಿ, ಷೇರು ಬೆಲೆ, ಒಂದು ಕಂಪನಿ ಇನ್ನೊಂದನ್ನ ನುಂಗೋ ಲೆಕ್ಕಾಚಾರ. ಮಕ್ಕಳಿಗೆ ಅದು ಅರ್ಥವಾಗಲ್ಲ. ದೊಡ್ಡವರಿಗೆ ತಮ್ಮ ಮತ್ತು ಅವನ ಚಿಂಪಾಂಜಿಯ ಚೇಷ್ಟೆ ಸಹಿಸೋಕಾಗಲ್ಲ. ಹಾಗಾದರೆ ಸಿನಿಮಾ ಯಾರಿಗೆ? ನ್ಯಾಯವಾದ ಪ್ರಶ್ನೆ. ಈ ಮೂರು ದೂರುಗಳಲ್ಲಿ ಒಂದನ್ನೂ ನಾನು ತಳ್ಳಿಹಾಕಲ್ಲ.

ಇನ್ನು ಮೆಚ್ಚಿಕೊಂಡವರ ಕಡೆ. ಅವರು ಹೇಳೋದನ್ನ ಕೇಳಿಸಿಕೊಳ್ಳಬೇಕು ಅಂದರೆ ಸಿನಿಮಾದ ಮೊದಲ ರೇಸ್ ನೋಡಬೇಕು. ಸ್ಪೀಡ್‌ನ ಅಣ್ಣ ರೆಕ್ಸ್ ದೊಡ್ಡ ರೇಸರ್. ಮನೆ ಬಿಟ್ಟು ಹೋಗಿ, ಒಂದು ರೇಸಿನ ಅಪಘಾತದಲ್ಲಿ ಸತ್ತ ಅಂತ ಎಲ್ಲರೂ ನಂಬಿದ್ದಾರೆ. ಅವನ ದಾಖಲೆ ಇರೋ ಅದೇ ಟ್ರ್ಯಾಕ್‌ನಲ್ಲಿ ಈಗ ತಮ್ಮ ಓಡಿಸ್ತಾ ಇದ್ದಾನೆ. ತೆರೆಯ ಮೇಲೆ ಏನಾಗುತ್ತೆ ಗೊತ್ತಾ? ಈಗಿನ ರೇಸ್, ಆಗಿನ ರೇಸ್, ಬಾಲ್ಯದ ತರಗತಿ, ಮನೆಯ ದುಃಖ, ಗ್ಯಾಲರಿಯಲ್ಲಿ ಕೂತ ಅಪ್ಪ ಅಮ್ಮನ ಮುಖ, ಎಲ್ಲವೂ ಒಂದರೊಳಗೆ ಒಂದು ಬೆರೆತು ಓಡ್ತವೆ. ತಮ್ಮನ ಕಾರಿನ ಮುಂದೆ ಅಣ್ಣನ ಕಾರು ನೆರಳಿನ ಹಾಗೆ ಓಡ್ತಾ ಇರುತ್ತೆ. ಕೊನೆಯ ಗೆರೆ ಹತ್ತಿರ ಬಂದಾಗ ಹುಡುಗ ವೇಗ ಕಡಿಮೆ ಮಾಡ್ತಾನೆ. ರೇಸ್ ಗೆಲ್ತಾನೆ, ಆದರೆ ಅಣ್ಣನ ದಾಖಲೆ ಮುರಿಯಲ್ಲ. ಅಷ್ಟೊಂದು ಗದ್ದಲದ ನಡುವೆ ಹೇಳಿದ್ದು ಏನು? ತಮ್ಮನಿಗೆ ಅಣ್ಣನ ಮೇಲಿದ್ದ ಪ್ರೀತಿ. ನೆನಪು ಅನ್ನೋದು ಸಾಲಾಗಿ ಬರಲ್ಲ, ಎಲ್ಲ ಒಟ್ಟಿಗೆ ನುಗ್ಗುತ್ತೆ. ಅದನ್ನ ತೋರಿಸೋಕೆ ಈ ಕಲಸುಮೇಲೋಗರವೇ ಸರಿಯಾದ ದಾರಿ ಅನ್ನೋದು ಮೆಚ್ಚಿದವರ ವಾದ. ಆ ಒಂದು ದೃಶ್ಯದ ಮಟ್ಟಿಗೆ ನಾನು ಅವರ ಕಡೆ.

ಇನ್ನೊಂದು ದೃಶ್ಯ ಇದೆ. ಯಾರೂ ಓಡಲ್ಲ, ಏನೂ ಸಿಡಿಯಲ್ಲ. ರಾತ್ರಿ, ಮನೆ. ಅಮ್ಮನ ಪಾತ್ರದಲ್ಲಿ ಸೂಸನ್ ಸರಂಡನ್. ಮಗ ಸೋತು ಕೂತಿದ್ದಾನೆ. ನೀನು ಕಾರು ಓಡಿಸೋದನ್ನ ನೋಡೋದು ನನಗೆ ಒಬ್ಬ ಕಲಾವಿದ ಚಿತ್ರ ಬರೆಯೋದನ್ನ ನೋಡಿದ ಹಾಗೆ ಅನ್ನೋ ಅರ್ಥದಲ್ಲಿ ಅಮ್ಮ ಮಗನಿಗೆ ಹೇಳ್ತಾಳೆ. ಅಪ್ಪನ ಪಾತ್ರದಲ್ಲಿ ಜಾನ್ ಗುಡ್‌ಮನ್. ಹಿರಿಯ ಮಗನನ್ನ ಕಳ್ಕೊಂಡ ಮೆಕ್ಯಾನಿಕ್, ಎರಡನೇ ಮಗನನ್ನ ತಡೀಬೇಕೋ ಕಳಿಸಬೇಕೋ ಗೊತ್ತಾಗದೆ ಒದ್ದಾಡೋ ಅಪ್ಪ. ಈ ಸಿನಿಮಾ ಬರೀ ಬಣ್ಣದ ಪಟಾಕಿ ಅಂತ ಹೇಳಿದವರು ಈ ಇಬ್ಬರ ಬಗ್ಗೆ ಒಂದು ಸಾಲಾದರೂ ಹೇಳಬೇಕು. ಇಲ್ಲದಿದ್ದರೆ ಅವರ ತೀರ್ಪು ಅರ್ಧ ತೀರ್ಪು.

ಕಥೆಯ ತಿರುಳಿಗೆ ಬನ್ನಿ. ರಾಯಲ್ಟನ್ ಅನ್ನೋ ದೊಡ್ಡ ಕೈಗಾರಿಕೋದ್ಯಮಿ. ಸ್ಪೀಡ್‌ನ ಮನೆಗೆ ಬರ್ತಾನೆ, ಒಪ್ಪಂದಕ್ಕೆ ಸಹಿ ಹಾಕು ಅಂತಾನೆ. ಹುಡುಗ ಒಲ್ಲೆ ಅಂದ ಕೂಡಲೇ ಅವನ ಮುಖವಾಡ ಕಳಚುತ್ತೆ. ಅವನು ಹೇಳೋ ಮಾತಿನ ಸಾರಾಂಶ ಇಷ್ಟು: ರೇಸ್‌ನಲ್ಲಿ ಯಾರು ಗೆಲ್ಲಬೇಕು ಅನ್ನೋದು ಟ್ರ್ಯಾಕ್ ಮೇಲೆ ತೀರ್ಮಾನ ಆಗೋದಲ್ಲ, ಮೊದಲೇ ಆಗಿರುತ್ತೆ. ಷೇರು ಪೇಟೆಗೆ ಬೇಕಾದವನು ಗೆಲ್ತಾನೆ. ನೀನು ಚಪ್ಪಾಳೆ ತಟ್ಟಿದ ಹಳೆಯ ಗೆಲುವುಗಳೂ ಹಾಗೇ ಬಂದವು. ಮನೆಯ ಗ್ಯಾರೇಜಿನಲ್ಲಿ ಅಪ್ಪ, ಅಮ್ಮ, ಮಗ, ಗೆಳತಿ, ಮೆಕ್ಯಾನಿಕ್ ಸೇರಿ ಮಾಡಿದ ಕಾರು ಒಂದು ಕಡೆ, ಇಡೀ ಆಟವನ್ನೇ ಕೊಂಡುಕೊಂಡ ದುಡ್ಡು ಇನ್ನೊಂದು ಕಡೆ. ಮಕ್ಕಳ ಸಿನಿಮಾದೊಳಗೆ ಇಂಥ ಮಾತು ಇಟ್ಟಿದ್ದು ಸಣ್ಣ ಧೈರ್ಯ ಅಲ್ಲ.

ಈಗ ವಿಪರ್ಯಾಸ ನೋಡಿ. ದುಡ್ಡಿನಿಂದ ಗೆಲುವು ತೀರ್ಮಾನ ಮಾಡಬಾರದು ಅನ್ನೋ ಈ ಸಿನಿಮಾದ ಹಣೆಬರಹ ತೀರ್ಮಾನ ಆಗಿದ್ದು ಯಾವುದರಿಂದ? ಮೂರು ದಿನದ ಗಲ್ಲಾಪೆಟ್ಟಿಗೆಯಿಂದ! ಶುಕ್ರವಾರ, ಶನಿವಾರ, ಭಾನುವಾರ. ಸೋಮವಾರ ಬೆಳಗ್ಗೆ ಲೆಕ್ಕ ಬಂತು, ಹಣೆಪಟ್ಟಿ ಅಂಟಿತು. ಆಮೇಲೆ ಥಿಯೇಟರ್‌ನವರು ತೆರೆ ಕಡಿಮೆ ಮಾಡ್ತಾರೆ, ಜನ ಹೋಗೋದನ್ನ ನಿಲ್ಲಿಸ್ತಾರೆ. ಫ್ಲಾಪ್ ಅಂತ ಸುದ್ದಿ ಆಗಿದ್ದರಿಂದಲೇ ಇನ್ನಷ್ಟು ಫ್ಲಾಪ್ ಆಗುತ್ತೆ. ಇದು ಹಾಲಿವುಡ್‌ನ ಮಾತು ಮಾತ್ರ ಅಲ್ಲ. ನಮ್ಮಲ್ಲೂ ಶುಕ್ರವಾರ ಬೆಳಗಿನ ಆಟ ಮುಗಿಸಿ ಹೊರಗೆ ಬಂದವರ ಬಾಯಿಗೆ ಮೈಕ್ ಹಿಡಿದು, ಮಧ್ಯಾಹ್ನದ ಬುಲೆಟಿನ್‌ಗೆ 'ಹಿಟ್ಟಾ? ಫ್ಲಾಪಾ?' ಅಂತ ಹಾಕೋ ಪದ್ಧತಿ ಇದೆ. ಇನ್ನೂ ಕಣ್ಣು ಉಜ್ಜಿಕೊಳ್ತಾ ಇರೋ ಪ್ರೇಕ್ಷಕನಿಂದ ಎಂಥ ತೀರ್ಪು ಬರುತ್ತೆ? ಹೊಸ ರುಚಿಗೆ ನಾಲಿಗೆ ಹೊಂದಿಕೊಳ್ಳೋಕೂ ಸ್ವಲ್ಪ ಹೊತ್ತು ಬೇಕಲ್ವಾ?

ಕಾಲವೂ ಅದರ ಪರವಾಗಿ ಇರಲಿಲ್ಲ. ಮೇ 2ಕ್ಕೆ 'ಐರನ್ ಮ್ಯಾನ್', ಜುಲೈನಲ್ಲಿ 'ದಿ ಡಾರ್ಕ್ ನೈಟ್'. ಎರಡೂ ಕಾಮಿಕ್ಸ್‌ನಿಂದ ಬಂದ ಕಥೆಗಳೇ. ಆದರೆ ಎರಡೂ ಹಿಡಿದದ್ದು ಮೊದಲ ದಾರಿ. ಕಬ್ಬಿಣದ ಅಂಗಿ ನಿಜವಾದ ಕಬ್ಬಿಣದ ಹಾಗೆ ಕಾಣಬೇಕು, ಬ್ಯಾಟ್‌ಮನ್ ಓಡಾಡೋ ಊರು ನಿಜವಾದ ಊರಿನ ಹಾಗೆ ಕಾಣಬೇಕು. ಆ ವರ್ಷದ ದೃಶ್ಯ ಪರಿಣಾಮದ ಆಸ್ಕರ್ ನಾಮನಿರ್ದೇಶನದಲ್ಲಿ ಆ ಎರಡೂ ಇದ್ದವು, 'ಸ್ಪೀಡ್ ರೇಸರ್' ಇರಲಿಲ್ಲ. ಮುಂದಿನ ಹತ್ತು ವರ್ಷ ಹಾಲಿವುಡ್ ಹೆಚ್ಚಾಗಿ ಆ ದಾರಿಯಲ್ಲೇ ನಡೆಯಿತು. ಎರಡನೇ ದಾರಿ ಹಿಡಿದವರು ಕಡಿಮೆ. 2010ರಲ್ಲಿ ಕಾಮಿಕ್ಸ್ ಮತ್ತು ವಿಡಿಯೋ ಗೇಮ್‌ನ ಭಾಷೆಯಲ್ಲೇ ಮಾಡಿದ 'ಸ್ಕಾಟ್ ಪಿಲ್‌ಗ್ರಿಮ್' ಸಿನಿಮಾ ಕೂಡ ಥಿಯೇಟರ್‌ನಲ್ಲಿ ಸೋತು, ಆಮೇಲೆ ನಿಧಾನವಾಗಿ ಅಭಿಮಾನಿಗಳನ್ನ ಸಂಪಾದಿಸಿತು. 2018ರಲ್ಲಿ 'ಸ್ಪೈಡರ್ ಮ್ಯಾನ್: ಇಂಟು ದಿ ಸ್ಪೈಡರ್ ವರ್ಸ್' ಬಂತು. ಕಾಮಿಕ್ಸ್ ಪುಟದ ಚುಕ್ಕಿ, ಗೆರೆ, ತೆರೆಯ ಮೇಲೆ ಅಕ್ಷರ, ಕಣ್ಣು ಕೋರೈಸೋ ಬಣ್ಣ, ಎಲ್ಲವೂ ಇತ್ತು. ಜನ ಮುಗಿಬಿದ್ದು ನೋಡಿದರು, ಆಸ್ಕರ್ ಕೂಡ ಬಂತು. ಅದು ಇದನ್ನ ನೋಡಿ ಕಲಿತದ್ದು ಅಂತ ನಾನು ಹೇಳ್ತಿಲ್ಲ. ನಾನು ಹೇಳೋದು, ಅದು ಪೂರ್ತಿ ಅನಿಮೇಷನ್ ಸಿನಿಮಾ ಆಗಿತ್ತು. ಬರೆದ ಮುಖಗಳು ಬರೆದ ಲೋಕದಲ್ಲಿ ಕುಣಿದರೆ ನಾವು ಒಪ್ಪಂದಕ್ಕೆ ಬೇಗ ಸಹಿ ಹಾಕ್ತೀವಿ. ನಿಜವಾದ ಮನುಷ್ಯನ ಮುಖ ಕಂಡ ಕೂಡಲೇ ನಮ್ಮ ತಲೆ ನಿಜವಾದ ಲೋಕವನ್ನ ಕೇಳುತ್ತೆ. 'ಸ್ಪೀಡ್ ರೇಸರ್' ಎಡವಿದ್ದು, ಅಥವಾ ಕೆಲವರ ಪ್ರಕಾರ ಗೆದ್ದಿದ್ದು, ಸರಿಯಾಗಿ ಈ ಜಾಗದಲ್ಲಿ.

ನಾನು ಈ ಸಿನಿಮಾ ಎರಡು ಸಲ ನೋಡಿದ್ದೀನಿ. ಒಮ್ಮೆ ದೊಡ್ಡ ತೆರೆಯಲ್ಲಿ, ಮುಂದಿನ ಸಾಲಿನಲ್ಲಿ ಕೂತು. ನಡುವೆ ಎರಡು ಸಲ ಕಣ್ಣು ಮುಚ್ಚಿಕೊಂಡೆ. ವರ್ಷಗಳ ನಂತರ ಮನೆಯ ಟಿವಿಯಲ್ಲಿ, ಸೋಫಾದಲ್ಲಿ ಆರಾಮಾಗಿ ಕೂತು. ಆಗ ಕಣ್ಣು ಹೆಚ್ಚು ದೂರ ಓಡಾಡಬೇಕಿರಲಿಲ್ಲ, ಇಡೀ ಚಿತ್ರ ಒಂದೇ ನೋಟಕ್ಕೆ ಸಿಗುತ್ತಿತ್ತು. ಆ ಅಣ್ಣ ತಮ್ಮನ ರೇಸ್ ಪೂರ್ತಿ ಅರ್ಥವಾಗಿದ್ದು ಆವಾಗ. ಸಿನಿಮಾ ಅದೇ. ಬದಲಾಗಿದ್ದು ತೆರೆಯ ಅಳತೆ, ಕೂತ ದೂರ ಮತ್ತು ಮುಂದೆ ಏನು ಬರುತ್ತೆ ಅನ್ನೋದರ ಅರಿವು. ಹಾಗಂತ ಚಿಂಪಾಂಜಿಯ ಚೇಷ್ಟೆ ನನಗೆ ಎರಡನೇ ಸಲವೂ ನಗು ತರಿಸಲಿಲ್ಲ. ನಡುವಿನ ಅರ್ಧ ಗಂಟೆ ಎರಡನೇ ಸಲವೂ ಉದ್ದವೇ ಅನಿಸಿತು.

ಹಾಗಾಗಿ ನನ್ನ ಅಭಿಪ್ರಾಯ ಸ್ಪಷ್ಟ. 'ನನ್ನ ಕಣ್ಣಿಗೆ ಆಗಲಿಲ್ಲ' ಅನ್ನೋದು ಒಂದು ಮಾತು. ಅದನ್ನ ಹೇಳೋಕೆ ನಾಚಿಕೆ ಬೇಡ. ಹೇಳಿದವರನ್ನ 'ನಿಮಗೆ ಸಿನಿಮಾ ಅರ್ಥವಾಗಲ್ಲ' ಅಂತ ಹೀಯಾಳಿಸೋ ಹಕ್ಕು ಯಾವ ಅಭಿಮಾನಿಗೂ ಇಲ್ಲ. 'ಸಿನಿಮಾದಲ್ಲಿ ಏನೂ ಇಲ್ಲ' ಅನ್ನೋದು ಬೇರೆ ಮಾತು. ಅದನ್ನ ಹೇಳೋಕೆ ಮುಂಚೆ ಅವರು ಏನು ಮಾಡೋಕೆ ಹೊರಟಿದ್ದರು ಅಂತ ನೋಡಬೇಕು. 2008ರಲ್ಲಿ ಬಹಳ ಜನ ಮೊದಲನೇ ಮಾತನ್ನ ಎರಡನೇ ಮಾತಿನ ಹಾಗೆ ಹೇಳಿದರು. ಇವತ್ತು ಕೆಲವು ಅಭಿಮಾನಿಗಳು ಸಿನಿಮಾದ ನಿಜವಾದ ಕೊರತೆಗಳನ್ನೂ ಸಾಧನೆ ಅಂತ ಹೇಳಿಕೊಂಡು ಓಡಾಡ್ತಾರೆ. ಎರಡೂ ಅತಿ.

ನಿಮ್ಮ ಮನೆಯಲ್ಲಿ ಮಕ್ಕಳು ಇದನ್ನ ಹಾಕಿ ಕೂತರೆ, ಟಿವಿಯಿಂದ ಸ್ವಲ್ಪ ಹಿಂದೆ ಕೂರೋಕೆ ಹೇಳಿ, ರೂಮಿನ ಲೈಟ್ ಹಾಕಿ. ನೀವೂ ಜೊತೆಗೆ ಮೊದಲ ಇಪ್ಪತ್ತು ನಿಮಿಷ ಕೂತು ಆ ರೇಸ್ ನೋಡಿ. ಹಿಡಿಸಿದರೆ ಮುಂದುವರಿಸಿ. ತಲೆ ಸುತ್ತಿದರೆ ಎದ್ದು ಹೋಗಿ ಒಂದು ಲೋಟ ಕಾಫಿ ಕುಡೀರಿ. ಮಕ್ಕಳು ನೋಡ್ಕೊಳ್ಳಲಿ. ಆಮೇಲೆ ಅವರನ್ನೇ ಕೇಳಿ, ಅಣ್ಣನ ದಾಖಲೆಯನ್ನ ತಮ್ಮ ಯಾಕೆ ಮುರಿಯಲಿಲ್ಲ ಅಂತ. ಉತ್ತರ ಬಂದರೆ, ಅಷ್ಟು ಗದ್ದಲದಲ್ಲೂ ಅವರಿಗೆ ಕಥೆ ಮುಟ್ಟಿದೆ ಅಂತ ತಿಳ್ಕೊಳ್ಳಿ.